ಸಂಚಕಾರಕ್ಕೆ ಮೊದಲು ಓದಬೇಕಾದ ಕಾಗದಗಳು

ಅಮ್ಮನ ವರ್ಷಾಬ್ದಿಕ ಮುಗಿದ ಮೇಲೆ ಮೈಸೂರಿನ ನಮ್ಮ ಮನೆಯನ್ನು ಮಾರುವುದೆಂದು ನಾನೂ ತಮ್ಮನೂ ಮಾತನಾಡಿಕೊಂಡೆವು. ಅಪ್ಪನ ಕಬ್ಬಿಣದ ಬೀರುವಿನ ಒಳಖಾನೆಯಲ್ಲಿ, ಯಾವುದೋ ಸೀರೆ ಅಂಗಡಿಯ ಹಳೆಯ ಬಟ್ಟೆಚೀಲದೊಳಗೆ, ಮನೆಯ ಕಾಗದಗಳೆಲ್ಲ ಇದ್ದವು: 1989ರ ಕ್ರಯಪತ್ರ, ಅದಕ್ಕೂ ಹಿಂದಿನ ಒಂದು ವಿಭಾಗಪತ್ರದ ನಕಲು, ಮನೆ ಕಟ್ಟುವಾಗ ಪಡೆದ ನಕ್ಷೆಯ ಮಂಜೂರಾತಿ, ವರ್ಷವಾರು ದಾರ ಕಟ್ಟಿ ಇಟ್ಟ ಕಂದಾಯದ ರಸೀದಿಗಳು. ಕ್ರಯಪತ್ರ ಛಾಪಾ ಕಾಗದದ ಮೇಲೆ ಕೈಬರಹದಲ್ಲಿತ್ತು. ಮಡಿಕೆ ಬಿದ್ದ ಕಡೆಗಳಲ್ಲಿ ಅಕ್ಷರ ಸವೆದು, ಮಾರಿದವರ ರುಜುವಿನ ಪಕ್ಕದ ಹೆಬ್ಬೆಟ್ಟಿನ ಗುರುತು ಮಾತ್ರ ಇನ್ನೂ ನೇರಳೆ ಬಣ್ಣದಲ್ಲೇ ಉಳಿದಿತ್ತು.

ಹದಿನೆಂಟು ವರ್ಷಗಳಿಂದ ನಾನು ವಕೀಲೆಯಾಗಿ ಮಾಡುತ್ತಿರುವುದು ಬಹುಪಾಲು ಇದೇ ಕೆಲಸ. ಮನೆ ಕೊಳ್ಳುವವರು ಮತ್ತು ಮಾರುವವರು ತರುವ ಕಾಗದಗಳನ್ನು ಮೇಜಿನ ಮೇಲೆ ಕಾಲಾನುಕ್ರಮದಲ್ಲಿ ಹರಡಿ, ಒಂದರಿಂದ ಇನ್ನೊಂದಕ್ಕೆ ಹಕ್ಕು ಹೇಗೆ ದಾಟಿ ಬಂತೆಂದು ಓದುತ್ತೇನೆ. ಆದರೆ ನಮ್ಮ ಮನೆಯ ಕಾಗದಗಳನ್ನು ಆ ಕಣ್ಣಿನಿಂದ ಅದುವರೆಗೆ ನಾನು ಓದಿರಲಿಲ್ಲ. ಮನೆ ಅಪ್ಪ ಕಟ್ಟಿಸಿದ್ದು, ಅಪ್ಪನ ನಂತರ ಅಮ್ಮನ ಹೆಸರಿಗೆ ಖಾತೆಯಾಗಿದ್ದದ್ದು, ಇನ್ನು ನೋಡುವುದೇನಿದೆ ಎಂಬ ಭಾವ ಎಲ್ಲ ಮನೆಗಳಲ್ಲಿರುವಂತೆ ನಮ್ಮಲ್ಲೂ ಇತ್ತು. ಆ ದಿನ ಸಂಜೆ ಕುಳಿತು ಓದಿದಾಗ ಎರಡು ತೊಡಕುಗಳು ಕಂಡವು. ಅವನ್ನು ಬಿಡಿಸಲು ಐದು ತಿಂಗಳು ಹಿಡಿಯಿತು. ನಾವು ಆಗಲೇ ಯಾರಿಂದಲಾದರೂ ಸಂಚಕಾರ, ಎಂದರೆ ಮುಂಗಡ ಹಣ, ಪಡೆದಿದ್ದರೆ ಆ ಐದು ತಿಂಗಳು ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಮನಸ್ಸು ಅಳುಕುತ್ತದೆ. ಆದ್ದರಿಂದಲೇ, ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳ ಬಗ್ಗೆ ಬರೆಯುವಾಗ ನಮ್ಮ ಮನೆಯ ಕಥೆಯನ್ನೂ ಜೊತೆಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಒಂದೇ: "ಸಬ್ ರಿಜಿಸ್ಟ್ರಾರ್ ಎಲ್ಲವನ್ನೂ ನೋಡಿಯೇ ತಾನೇ ನೋಂದಣಿ ಮಾಡುವುದು? ನೋಂದಣಿಯಾದ ಮೇಲೆ ಭಯವೇಕೆ?" ಈ ನಂಬಿಕೆಯಿಂದ ಆದಷ್ಟು ನಷ್ಟ ಬೇರೆ ಯಾವುದರಿಂದಲೂ ಆಗಿದ್ದನ್ನು ನಾನು ಕಂಡಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮಿನ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಹಾಗೆಂದು, ನೋಂದಣಿಯಾದ ಮಾತ್ರಕ್ಕೆ ಮಾರಿದವರಿಗೆ ಮಾರುವ ಹಕ್ಕಿತ್ತೆಂದು ಸರ್ಕಾರ ಖಾತರಿ ಕೊಟ್ಟಂತಾಗುವುದಿಲ್ಲ. ಪತ್ರ ಬರೆದುಕೊಟ್ಟವರು ಅವರೇ ಹೌದೇ, ಬರೆದುಕೊಟ್ಟಿದ್ದನ್ನು ಒಪ್ಪುತ್ತಾರೆಯೇ, ಮುದ್ರಾಂಕ ಶುಲ್ಕ ಸರಿಯಾಗಿ ಸಂದಿದೆಯೇ, ಅವಧಿಯೊಳಗೆ ಹಾಜರುಪಡಿಸಿದ್ದಾರೆಯೇ, ಇ-ಖಾತೆ ಇದೆಯೇ ಎಂಬಂಥ ಸಂಗತಿಗಳನ್ನು ಕಚೇರಿ ನೋಡುತ್ತದೆ. ಮಾರುವವರ ತಾತ ಆ ಜಾಗವನ್ನು ಹೇಗೆ ಪಡೆದರು, ಅವರ ಅಕ್ಕತಂಗಿಯರ ಪಾಲೆಲ್ಲಿ ಹೋಯಿತು ಎಂಬ ವಿಚಾರಣೆ ಅಲ್ಲಿ ನಡೆಯುವುದಿಲ್ಲ. ತಮಿಳುನಾಡಿನ ನೋಂದಣಿ ನಿಯಮವೊಂದನ್ನು 2025ರ ಏಪ್ರಿಲ್‌ನಲ್ಲಿ ರದ್ದುಪಡಿಸುವಾಗ ಸುಪ್ರೀಂ ಕೋರ್ಟು ಇದೇ ಮಾತನ್ನು ಹೇಳಿತು: ಬರೆದುಕೊಡುವವರಿಗೆ ಹಕ್ಕಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ನೋಂದಣಾಧಿಕಾರಿಯ ಕೆಲಸವಲ್ಲ. ತಮ್ಮಲ್ಲಿಲ್ಲದ ಹಕ್ಕನ್ನು ಯಾರಾದರೂ ಬರೆದುಕೊಟ್ಟರೆ, ನೋಂದಣಿಯ ಮೊಹರು ಬಿದ್ದಿದ್ದರೂ ಕೊಂಡವರ ಕೈಗೆ ಏನೂ ಬರುವುದಿಲ್ಲ. ನೋಡಿಕೊಳ್ಳಬೇಕಾದವರು ಕೊಳ್ಳುವವರೇ, ಮತ್ತು ನೋಡಿಕೊಳ್ಳಬೇಕಾದ ಕಾಲ ಹಣ ಕೈಬಿಡುವ ಮೊದಲಿನದು.

ಹಾಗಾದರೆ ಎಷ್ಟು ಹಿಂದಕ್ಕೆ ನೋಡಬೇಕು? ನಮ್ಮಲ್ಲಿ ರೂಢಿಯಲ್ಲಿರುವುದು ಮೂವತ್ತು ವರ್ಷ. ಆದರೆ ಇದು ಕನಿಷ್ಠ ಲೆಕ್ಕವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಮೂವತ್ತು ವರ್ಷದ ಗೆರೆ ಎಳೆದ ಜಾಗದಲ್ಲಿ ಯಾವ ಪತ್ರ ಸಿಗುತ್ತದೆಯೋ ಅದು ತಾನೇ ಇನ್ನೊಂದು ಹಳೆಯ ಪತ್ರದ ಮೇಲೆ ನಿಂತಿರುತ್ತದೆ. ಆಡುಮಾತಿನಲ್ಲಿ ಮದರ್ ಡೀಡ್ ಎನ್ನುವ ಮೂಲಪತ್ರದವರೆಗೆ ಹೋಗಲು ಸಾಧ್ಯವಿದ್ದರೆ ಹೋಗಲೇಬೇಕು. ನಮ್ಮ ಮನೆಯ ಮಟ್ಟಿಗೆ, 1989ರ ಕ್ರಯಪತ್ರದ ಹಿಂದೆ ಮಾರಿದವರ ಕುಟುಂಬದ ವಿಭಾಗಪತ್ರವಿತ್ತು, ಅದರ ಹಿಂದೆ ಆ ಜಮೀನನ್ನು ವ್ಯವಸಾಯೇತರ ಬಳಕೆಗೆ ಪರಿವರ್ತಿಸಿದ ಆದೇಶವಿತ್ತು. ಈ ಭೂಪರಿವರ್ತನೆಯ ಆದೇಶವನ್ನು ಬಹಳ ಜನ ಕೇಳುವುದೇ ಇಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಡಿ ಪರಿವರ್ತನೆಯಾಗದ ಜಮೀನಿನಲ್ಲಿ ನಿವೇಶನ ಮಾಡಿ ಮಾರಿದ್ದರೆ ಅದಕ್ಕೇ ಜನ ರೆವಿನ್ಯೂ ಸೈಟು ಎನ್ನುವುದು. ಬೆಲೆ ಕಡಿಮೆಯಿರುವುದಕ್ಕೆ ಕಾರಣ ಅಲ್ಲಿಯೇ ಇರುತ್ತದೆ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಆ ಜಮೀನು ಒಂದು ಕಾಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, 1978ರ ವರ್ಗಾವಣೆ ನಿಷೇಧ ಕಾಯಿದೆ ಅದಕ್ಕೆ ಅನ್ವಯಿಸುತ್ತದೆ. 2023ರ ತಿದ್ದುಪಡಿಯ ಪ್ರಕಾರ ಅದರಡಿ ಜಮೀನನ್ನು ಹಿಂದಕ್ಕೆ ಕೇಳಲು ಕಾಲಮಿತಿಯಿಲ್ಲ. ಆ ಕಾಯಿದೆ ನ್ಯಾಯವಾದದ್ದು, ನೆಲ ಕಳೆದುಕೊಂಡವರಿಗಾಗಿ ಬಂದದ್ದು. ಕೊಳ್ಳುವವರು ಅದನ್ನು ತಿಳಿದೇ ಹೆಜ್ಜೆ ಇಡಬೇಕು.

ಋಣಭಾರ ಪತ್ರ, ಎಂದರೆ ಎಲ್ಲರ ಬಾಯಲ್ಲಿರುವ ಇಸಿ, ಸ್ವತ್ತಿನ ಜಾತಕವಿದ್ದಂತೆ ಎಂದು ಜನ ತಿಳಿಯುತ್ತಾರೆ. ನೋಂದಾಯಿತ ವ್ಯವಹಾರಗಳ ಮಟ್ಟಿಗೆ ಅದು ನಿಜ. 2004ರ ಏಪ್ರಿಲ್ 1ರಿಂದ ಈಚಿನ ನಮೂದುಗಳು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತವೆ, ಅದಕ್ಕೂ ಹಿಂದಿನವಕ್ಕೆ ಕಚೇರಿಯ ಕೈಬರಹದ ಸೂಚಿ ಪುಸ್ತಕಗಳನ್ನೇ ಹುಡುಕಿಸಬೇಕು. ಬಡಾವಣೆ ಬೆಳೆದಂತೆ ಉಪನೋಂದಣಿ ಕಚೇರಿಗಳ ವ್ಯಾಪ್ತಿ ಬದಲಾಗಿರುತ್ತದೆ. ಹಾಗಾಗಿ ಒಂದೇ ಮನೆಗೆ ಎರಡು ಕಚೇರಿಗಳಿಂದ ಇಸಿ ಪಡೆಯಬೇಕಾದ ಸಂದರ್ಭಗಳು ಸಾಮಾನ್ಯ. ಹುಡುಕಾಟ ನಡೆಯುವುದು ಸ್ವತ್ತಿನ ವಿವರಣೆಯ ಮೇಲೆ. ಹಳೆಯ ಪತ್ರದಲ್ಲಿ ಸರ್ವೆ ನಂಬರಿನಿಂದಲೂ ಹೊಸ ಪತ್ರದಲ್ಲಿ ಖಾತಾ ಸಂಖ್ಯೆಯಿಂದಲೂ ಗುರುತಿಸಿದ್ದರೆ, ಒಂದೇ ವಿವರ ಕೊಟ್ಟು ತೆಗೆಸಿದ ಇಸಿಯಲ್ಲಿ ಮತ್ತೊಂದು ಬಗೆಯ ನಮೂದು ತಪ್ಪಿಹೋಗಬಹುದು. ನಾನು ಯಾವಾಗಲೂ ಎರಡೂ ವಿವರಗಳನ್ನು ಕೊಟ್ಟೇ ಹುಡುಕಿಸುತ್ತೇನೆ. ಇಷ್ಟಾದರೂ ನೋಂದಣಿಯಾಗದ ಕರಾರು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಯಾರದೋ ಪೆಟ್ಟಿಗೆಯಲ್ಲಿರುವ ಉಯಿಲು, ಬಾಕಿಯಿರುವ ಕಂದಾಯ ಇವು ಯಾವುವೂ ಇಸಿಯಲ್ಲಿ ಕಾಣುವುದಿಲ್ಲ. ಅಸಲು ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೂಡ, ಅದರ ದಾಖಲೆ ನೋಂದಣಿಯಾಗಿರದಿದ್ದರೆ, ಅಲ್ಲಿ ಇರುವುದಿಲ್ಲ. ಈ ಕಾರಣಕ್ಕೇ ನಾನು ನಕಲು ಪ್ರತಿ ಎಷ್ಟೇ ಸ್ಪಷ್ಟವಾಗಿದ್ದರೂ ಅಸಲು ಪತ್ರಗಳನ್ನು ಕೈಯಲ್ಲಿ ಹಿಡಿದು ನೋಡದೆ ಅಭಿಪ್ರಾಯ ಬರೆದುಕೊಡುವುದಿಲ್ಲ. ಅಸಲು ತೋರಿಸಲು ಮಾರುವವರು ಹಿಂದೆಮುಂದೆ ನೋಡಿದರೆ ಆ ಅಸಲು ಎಲ್ಲಿದೆಯೆಂದು ಕೇಳಬೇಕು.

ಖಾತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಮನೆಯ ಮೊದಲ ತೊಡಕು ಅಲ್ಲಿಂದಲೇ ಶುರುವಾದದ್ದು. ಖಾತೆ ಎಂದರೆ ಕಂದಾಯ ಕಟ್ಟುವ ಹೊಣೆ ಯಾರದ್ದೆಂದು ತೋರಿಸುವ ದಾಖಲೆ. ಈಗ ನಗರಗಳಲ್ಲಿ ಇ-ಖಾತೆಯಿಲ್ಲದೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಇಲ್ಲದೆ ಮನೆಯ ಕ್ರಯ ನೋಂದಣಿಯಾಗುವುದಿಲ್ಲವಾದ್ದರಿಂದ ಅದರ ಮಹತ್ವ ಹೆಚ್ಚಿದೆ. ಆದರೂ ಖಾತೆ ಹಕ್ಕನ್ನು ಸೃಷ್ಟಿಸುವುದಿಲ್ಲ. ಅಪ್ಪ 2007ರಲ್ಲಿ ಉಯಿಲು ಬರೆಯದೆ ತೀರಿಕೊಂಡಾಗ ನಾವು ವಂಶವೃಕ್ಷ ಸಲ್ಲಿಸಿ, ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಮಾಡಿಕೊಡುವ ಪೌತಿ ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಿದ್ದೆವು. ಆ ವಂಶವೃಕ್ಷದಲ್ಲಿ ಅಮ್ಮ, ನಾನು, ತಮ್ಮ ಇಷ್ಟೇ ಹೆಸರುಗಳಿದ್ದವು. ಅಜ್ಜಿ, ಎಂದರೆ ಅಪ್ಪನ ತಾಯಿ, ಆಗ ನಮ್ಮ ಮನೆಯ ನಡುಕೋಣೆಯಲ್ಲಿ ಬದುಕಿದ್ದರು. ಅವರ ಹೆಸರನ್ನು ಬರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಕೇಳಿದವರೂ ಇಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಗಂಡಸೊಬ್ಬ ಸ್ವಯಾರ್ಜಿತ ಆಸ್ತಿ ಬಿಟ್ಟು ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿ ಮಕ್ಕಳ ಜೊತೆಗೆ ಅವನ ತಾಯಿಯೂ ಮೊದಲ ವರ್ಗದ ವಾರಸುದಾರಳು, ಮತ್ತು ಅವಳ ಪಾಲು ಉಳಿದವರ ಪಾಲಿಗೆ ಸಮಾನ. ಅಪ್ಪ ಹೋದ ಕ್ಷಣದಲ್ಲಿ ಮನೆ ನಾಲ್ಕು ಪಾಲಾಗಿತ್ತು: ಅಮ್ಮನದು ಕಾಲು ಭಾಗ, ನನ್ನದು ಕಾಲು, ತಮ್ಮನದು ಕಾಲು, ಅಜ್ಜಿಯದು ಕಾಲು. ಅಜ್ಜಿ 2011ರಲ್ಲಿ ತೀರಿಕೊಂಡಾಗ ಅವರ ಕಾಲು ಭಾಗ ಮತ್ತೆ ಮೂರಾಯಿತು. ತೀರಿಹೋದ ಮಗನ ಲೆಕ್ಕದಲ್ಲಿ ನನಗೂ ತಮ್ಮನಿಗೂ ಸೇರಿ ಒಂದು ಪಾಲು, ಚಿಕ್ಕಪ್ಪನಿಗೆ ಒಂದು, ಅತ್ತೆಗೆ ಒಂದು. ಅಂದರೆ ನಮ್ಮದೇ ಎಂದು ನಾವು ತಿಳಿದಿದ್ದ ಮನೆಯಲ್ಲಿ ಹನ್ನೆರಡನೇ ಒಂದು ಭಾಗ ಚಿಕ್ಕಪ್ಪನದು, ಅಷ್ಟೇ ಭಾಗ ಸಾಗರದಲ್ಲಿರುವ ಅತ್ತೆಯದು. ಖಾತೆ ಹದಿನಾರು ವರ್ಷ ಅಮ್ಮನ ಹೆಸರಿನಲ್ಲೇ ಇದ್ದುದರಿಂದ ಈ ಲೆಕ್ಕ ಬದಲಾಗಲಿಲ್ಲ. ನಾವಿಬ್ಬರೇ ಸಹಿ ಹಾಕಿ ಮಾರಿದ್ದರೆ ಕೊಂಡವರಿಗೆ ಪೂರ್ತಿ ಮನೆಯ ಹಕ್ಕು ಹೋಗುತ್ತಿರಲಿಲ್ಲ. ಮುಂದೆ ಎಂದೋ ಅತ್ತೆಯ ಮಕ್ಕಳಲ್ಲಿ ಒಬ್ಬರು ಪಾಲಿನ ದಾವೆ ಹೂಡಿದರೆ ನೋಟಿಸು ಹೋಗುವುದು ಏನೂ ಅರಿಯದ ಆ ಕೊಂಡವರ ಮನೆಗೆ.

ಅತ್ತೆಗೆ ಫೋನು ಮಾಡಿ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವರು, "ಅಮ್ಮನಿಗೆ ಆ ಮನೇಲಿ ಪಾಲಿತ್ತು ಅಂತ ಅವಳಿಗೇ ಗೊತ್ತಿರಲಿಲ್ಲ ಕಣೆ" ಎಂದರು. ತಮಗೇನೂ ಬೇಡ, ಎಲ್ಲಿ ಹೇಳಿದರೆ ಅಲ್ಲಿ ಸಹಿ ಹಾಕುತ್ತೇನೆ ಎಂದೂ ಹೇಳಿದರು. ಅವರ ಪಾಲಿನ ಹಣ ಅವರ ಬ್ಯಾಂಕ್ ಖಾತೆಗೇ ಹೋಗಬೇಕೆಂದು ನಾನೂ ತಮ್ಮನೂ ಹಟ ಹಿಡಿದೆವು. ಕೊನೆಗೆ ಅವರೂ ಚಿಕ್ಕಪ್ಪನೂ ನಮ್ಮೊಂದಿಗೆ ಮಾರಾಟಗಾರರಾಗಿಯೇ ಕ್ರಯಪತ್ರಕ್ಕೆ ಸಹಿ ಹಾಕುವುದೆಂದು ಒಪ್ಪಿಕೊಂಡರು. ವಂಶವೃಕ್ಷವನ್ನು ಅಜ್ಜಿಯಿಂದ ಶುರುಮಾಡಿ ಹೊಸದಾಗಿ ಮಾಡಿಸಿದೆವು. ಎಲ್ಲ ಕುಟುಂಬಗಳಲ್ಲಿ ಇದು ಇಷ್ಟು ಸಲೀಸಾಗಿ ಮುಗಿಯುವುದಿಲ್ಲವೆಂದು ನನಗೆ ಗೊತ್ತು. ಹೆಣ್ಣುಮಕ್ಕಳ ಸಹಿಯನ್ನು ಕೇಳುವುದೆಂದರೆ ಅವರ ಹಕ್ಕನ್ನು ಒಪ್ಪಿಕೊಂಡಂತೆ ಎಂಬ ಹಿಂಜರಿಕೆಯಿಂದಲೇ ಅನೇಕರು ಅದನ್ನು ಮುಚ್ಚಿಡುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಕರ್ನಾಟಕ 1994ರಲ್ಲೇ, ಮದುವೆಯಾಗದ ಹೆಣ್ಣುಮಕ್ಕಳಿಗೆ, ಹುಟ್ಟಿನಿಂದಲೇ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. "ತಂಗಿಗೆ ಮದುವೆಯಲ್ಲೇ ಕೊಟ್ಟಾಯಿತು" ಎಂಬ ಮಾತನ್ನು ಮಾರುವವರಿಂದ ಕೇಳಿದಾಗಲೆಲ್ಲ ನಾನು ಕೇಳುವುದು ಒಂದೇ, ಅದರ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿದೆಯೇ ಎಂದು.

ವಾರಸುದಾರರಲ್ಲಿ ಒಬ್ಬರು ಅಮೆರಿಕದಲ್ಲೋ ದುಬೈಯಲ್ಲೋ ಇರುವುದು ಈಗ ಸಾಮಾನ್ಯ. ಅವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಕಳುಹಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಅಲ್ಲಿಗೇ ನಿಲ್ಲುತ್ತದೆಯಾದ್ದರಿಂದ, ನೋಂದಣಿಯ ಹಿಂದಿನ ದಿನ ಅವರೊಂದಿಗೆ ಒಮ್ಮೆ ವೀಡಿಯೋ ಕರೆಯಲ್ಲಿ ಮಾತನಾಡುವುದು ಒಳ್ಳೆಯದು. ಅಧಿಕಾರಪತ್ರವನ್ನೇ ಕ್ರಯದಂತೆ ಬಳಸಿ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮನೆ "ಕೊಂಡವರು" ಇನ್ನೂ ನನ್ನಲ್ಲಿಗೆ ಬರುತ್ತಾರೆ. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿ 2011ರಿಂದ ಇಷ್ಟು ವರ್ಷಗಳಾದವು.

ನಮ್ಮ ಎರಡನೆಯ ತೊಡಕು ಕ್ರಯಪತ್ರದ ಕೊನೆಯ ಪುಟದಲ್ಲಿತ್ತು. ಷೆಡ್ಯೂಲಿನಲ್ಲಿ, ಎಂದರೆ ಸ್ವತ್ತಿನ ವಿವರ ಕೊಡುವ ಭಾಗದಲ್ಲಿ, ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಬರೆಯುವಾಗ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ನಿವೇಶನ ಎಂದು ಬರೆದಿದ್ದರು. ನಮ್ಮ ಮನೆಯ ಬಾಗಿಲಲ್ಲಿ ನಿಂತರೆ ಸಂಜೆಯ ಬಿಸಿಲು ಮುಖಕ್ಕೆ ಹೊಡೆಯುತ್ತದೆ, ರಸ್ತೆ ಇರುವುದು ಪಶ್ಚಿಮಕ್ಕೆ. ವರ್ಷಗಟ್ಟಲೆ ಅಪ್ಪ ಆ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತು ಸಂಜೆಯ ಕಾಫಿ ಕುಡಿದ ಮನೆಯದು, ಕಾಗದದ ಮೇಲೆ ಬೆನ್ನು ತಿರುಗಿಸಿ ನಿಂತಿತ್ತು. ಅಳತೆಗೂ ಚಕ್ಕುಬಂದಿಗೂ ವ್ಯತ್ಯಾಸ ಬಂದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚಿನ ಬೆಲೆ ಕೊಡುತ್ತವೆ. ಅಂಥ ಚಕ್ಕುಬಂದಿಯೇ ತಪ್ಪಾದರೆ ಆ ಪತ್ರ ಯಾವ ನೆಲವನ್ನು ಹೇಳುತ್ತಿದೆ ಎಂಬ ಪ್ರಶ್ನೆಯೇ ಏಳುತ್ತದೆ. ಇದನ್ನು ಸರಿಪಡಿಸಲು ತಿದ್ದುಪಡಿ ಪತ್ರ ಬೇಕು, ಅದಕ್ಕೆ ಅಂದು ಮಾರಿದವರೇ ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರು. ಅವರ ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಮಗಳನ್ನೂ ಹುಡುಕುವುದಕ್ಕೇ ಎರಡು ತಿಂಗಳಾಯಿತು. ಅವರಲ್ಲಿ ಒಬ್ಬರು ಹುಬ್ಬಳ್ಳಿಯಿಂದ ರಾತ್ರಿ ರೈಲಿನಲ್ಲಿ ಬಂದರು, ಬಂದು ಹೋಗುವ ಖರ್ಚನ್ನು ಬಿಟ್ಟು ಬೇರೇನನ್ನೂ ಕೇಳಲಿಲ್ಲ. ಅವರು ಒಪ್ಪದಿದ್ದರೆ ನಿರ್ದಿಷ್ಟ ಪರಿಹಾರ ಕಾಯಿದೆಯಡಿ ದಾವೆ ಹೂಡುವುದೊಂದೇ ದಾರಿಯಾಗಿತ್ತು, ಅದಕ್ಕೆ ವರ್ಷಗಳೇ ಬೇಕಾಗುತ್ತಿದ್ದವು.

ಕ್ರಯಪತ್ರದ ಭಾಷೆಯ ಬಗ್ಗೆ ನನಗೆ ಪ್ರೀತಿಯಿದೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಕಾಣುವ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗದ ಮಾತುಗಳು ಇಂದಿನ ಎಷ್ಟೋ ಕ್ರಯಪತ್ರಗಳಲ್ಲಿ ಹಾಗೆಯೇ ಉಳಿದಿವೆ. ಅಪ್ಪನ ಪತ್ರದಲ್ಲಿ ಜಲದ ಪಕ್ಕದಲ್ಲಿ ತರು ಎಂಬುದೂ ಇತ್ತು. "ಪುತ್ರ ಪೌತ್ರ ಪಾರಂಪರ್ಯವಾಗಿ ದಾನ, ಆಧಿ, ಕ್ರಯ, ವಿನಿಮಯಗಳಿಗೆ ಯೋಗ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು" ಎಂಬ ಸಾಲನ್ನು ಪತ್ರಬರಹಗಾರರು ಯಾಂತ್ರಿಕವಾಗಿ ಬರೆದಿರಬಹುದು, ಆದರೆ ನೆಲವೊಂದು ಕೈಬದಲಾಗುವುದರ ಗಾಂಭೀರ್ಯ ಆ ಸಾಲಿನಲ್ಲಿದೆ. ತೊಂದರೆಯೆಂದರೆ ಈ ಸಾಲುಗಳ ಗಾಂಭೀರ್ಯಕ್ಕೆ ತಲೆದೂಗಿ ಓದುವವರು ಷೆಡ್ಯೂಲಿನ ಒಣ ಅಂಕಿಗಳನ್ನು ಓದದೆ ಪುಟ ತಿರುಗಿಸಿಬಿಡುತ್ತಾರೆ. ಕರಡು ಕೈಗೆ ಬಂದಾಗ ಮೊದಲು ಕೊನೆಯ ಪುಟದಿಂದ ಓದಲು ಶುರುಮಾಡಿ ಎಂದು ನನ್ನ ಕಕ್ಷಿದಾರರಿಗೆ ಹೇಳುತ್ತೇನೆ. ಹೆಸರಿನ ಕಾಗುಣಿತ ಆಧಾರ್, ಪಾನ್ ಮತ್ತು ಹಿಂದಿನ ಪತ್ರಗಳಲ್ಲಿ ಇರುವುದಕ್ಕೆ ಹೊಂದುತ್ತದೆಯೇ ಎಂದು ಅಕ್ಷರ ಅಕ್ಷರ ನೋಡಬೇಕು.

ಇನ್ನು ಸಂಚಕಾರ. "ಎಷ್ಟು ಕೊಡಬೇಕು?" ಎಂದು ಕೇಳುತ್ತಾರೆ, ಯಾವಾಗ ಕೊಡಬೇಕು ಎಂದು ಕೇಳುವವರು ಕಡಿಮೆ. ಒಳ್ಳೆಯ ಮನೆ ಕೈತಪ್ಪೀತೆಂಬ ಆತುರದಲ್ಲಿ ಬ್ರೋಕರ್ ಎದುರಿಗೇ ಒಂದಿಷ್ಟು ಲಕ್ಷ ಕೊಟ್ಟು, ಆಮೇಲೆ ಕಾಗದ ತೋರಿಸಲು ಬರುವವರೇ ಹೆಚ್ಚು. ಆಗ ನಾನು ದೋಷ ತೋರಿಸಿದರೂ ಕೊಟ್ಟ ಹಣ ಹಿಂದಕ್ಕೆ ಬರುವುದು ಕಷ್ಟವಾದ್ದರಿಂದ, "ಹೇಗಾದರೂ ನಡೆಯುತ್ತದೆಯೇ ನೋಡಿ" ಎಂದು ಬೇಡಿಕೊಳ್ಳುವ ಸ್ಥಿತಿ ಅವರದಾಗುತ್ತದೆ. ಅದಕ್ಕಿಂತ ಹದಿನೈದು ದಿನದ ಕಾಲಾವಕಾಶ ಕೇಳಿ, ಕಾಗದಗಳ ನಕಲು ಪಡೆದು ಪರಿಶೀಲಿಸಿ, ಆಮೇಲೆ ಕ್ರಯದ ಕರಾರು ಬರೆಸಿಕೊಂಡೇ ಹಣ ಕೊಡುವುದು ನ್ಯಾಯ. ಆ ಹದಿನೈದು ದಿನ ಕೊಡಲು ಒಪ್ಪದ ಮಾರಾಟಗಾರರನ್ನು ನಾನು ಬಿಟ್ಟುಬಿಡಿ ಎನ್ನುತ್ತೇನೆ. ಕರಾರಿನಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ, ಮುಂದೆ ಕ್ರಯಪತ್ರ ಬರೆಸಿಕೊಳ್ಳುವ ಹಕ್ಕು ಮಾತ್ರ ಬರುತ್ತದೆ. ಅದನ್ನು ನ್ಯಾಯಾಲಯದಲ್ಲಿ ಕೇಳಲು ಮೂರು ವರ್ಷದ ಕಾಲಮಿತಿಯಿದೆ. ಕರಾರನ್ನು ನೋಂದಾಯಿಸಿದರೆ ಅದು ಇಸಿಯಲ್ಲಿ ಕಾಣುತ್ತದೆ, ಅದೇ ಮನೆಯನ್ನು ಇನ್ನೊಬ್ಬರಿಗೆ ಮಾರಲು ಹೊರಟರೆ ಅವರಿಗೆ ಗೊತ್ತಾಗುತ್ತದೆ. ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಆದರೆ, ರೇರಾ ಎಂದು ಕರೆಯುವ 2016ರ ಕಾಯಿದೆಯಡಿ, ನೋಂದಾಯಿತ ಕರಾರಿಲ್ಲದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತೆಯೇ ಇಲ್ಲ.

ಖರ್ಚಿನ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು. ನಗರ ಪ್ರದೇಶದಲ್ಲಿ 80 ಲಕ್ಷ ರೂಪಾಯಿಗೆ ಮನೆ ಕೊಂಡರೆ ಮುದ್ರಾಂಕ ಶುಲ್ಕ ಶೇ. 5ರಂತೆ 4 ಲಕ್ಷ, ಆ ಶುಲ್ಕದ ಮೇಲೆ ಶೇ. 10ರ ಉಪಕರ 40 ಸಾವಿರ, ಶೇ. 2ರ ಅಧಿಭಾರ 8 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿರುವುದರಿಂದ ಇನ್ನೊಂದು 1 ಲಕ್ಷ 60 ಸಾವಿರ. ಒಟ್ಟು 6 ಲಕ್ಷ 8 ಸಾವಿರ. ಬೇರೆ ಒಪ್ಪಂದವಿಲ್ಲದಿದ್ದರೆ ಇದು ಕೊಳ್ಳುವವರ ಹೊರೆ. ಲೆಕ್ಕ ಹಾಕುವುದು ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ಬೆಲೆ ಮತ್ತು ಪತ್ರದಲ್ಲಿನ ಬೆಲೆ ಇವುಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಬೆಲೆ 50 ಲಕ್ಷ ಅಥವಾ ಮೇಲ್ಪಟ್ಟಿದ್ದರೆ ಕೊಳ್ಳುವವರು ಶೇ. 1ರಷ್ಟು ಹಣವನ್ನು ಹಿಡಿದು ಮಾರುವವರ ಪಾನ್ ಲೆಕ್ಕಕ್ಕೆ ಆದಾಯ ತೆರಿಗೆಯಾಗಿ ಕಟ್ಟಬೇಕು. ಮಾರುವವರು ಅನಿವಾಸಿಯಾದರೆ ಹಿಡಿಯಬೇಕಾದ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು, ಕೊಳ್ಳುವವರು ಇದನ್ನು ತಪ್ಪಿದರೆ ಆ ತೆರಿಗೆಗೆ ಅವರೇ ಹೊಣೆ.

"ಪತ್ರದಲ್ಲಿ ಮಾರ್ಗಸೂಚಿ ಬೆಲೆ ತೋರಿಸಿ, ಉಳಿದದ್ದನ್ನು ನಗದು ಕೊಡಿ" ಎಂಬ ಮಾತು ಈಗಲೂ ಕೇಳಿಬರುತ್ತದೆ. ಸ್ಥಿರಾಸ್ತಿಗಾಗಿ 20 ಸಾವಿರ ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ನಗದು ಕೊಟ್ಟವರ ಕಷ್ಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಕ್ಕಿನಲ್ಲಿ ದೋಷ ಬಂದು ಹಣ ವಾಪಸು ಕೇಳುವಾಗ ನ್ಯಾಯಾಲಯದ ಮುಂದೆ ತೋರಿಸಲು ಅವರಿಗಿದ್ದದ್ದು ಪತ್ರದಲ್ಲಿ ಬರೆದ ಅರ್ಧ ಬೆಲೆ ಮಾತ್ರ.

"ಬ್ಯಾಂಕು ಸಾಲ ಕೊಡುತ್ತಿದೆ, ಅವರ ವಕೀಲರು ನೋಡಿದ್ದಾರಲ್ಲ?" ಎಂಬುದು ಇನ್ನೊಂದು ಪ್ರಶ್ನೆ. ಆ ವಕೀಲರು ನೋಡುವುದು ಬ್ಯಾಂಕಿನ ಸಲುವಾಗಿ. ಸಾಲ ತೀರಿಸುವ ಹೊಣೆ ಮನೆ ಹೋದರೂ ನಿಮ್ಮದೇ ಆಗಿರುತ್ತದೆ. ನಿಮ್ಮ ಪರವಾಗಿ ಒಬ್ಬರು ಬೇರೆಯಾಗಿಯೇ ಓದಲಿ. ಇದನ್ನು ನನ್ನ ವೃತ್ತಿಯ ಲಾಭಕ್ಕಾಗಿ ಹೇಳುತ್ತಿಲ್ಲ, ಮನೆಯ ಬೆಲೆಯ ಮುಂದೆ ಆ ಖರ್ಚು ತೀರಾ ಸಣ್ಣದು. ಮಾರುವವರ ಮೇಲೆ ಸಾಲವಿದ್ದರೆ, ತೀರಿದ ಮೇಲೆ ಅಸಲು ಪತ್ರಗಳು ಯಾವಾಗ ಬರುತ್ತವೆಂದು ಕೇಳುವ ಹಕ್ಕು ಅವರಿಗಿದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ 2023ರ ಡಿಸೆಂಬರ್ 1ರಿಂದ ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ ಕೊಡಬೇಕು.

ಸಹಿ ಮಾಡಿದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಆಮೇಲೂ ನಾಲ್ಕು ತಿಂಗಳು ದಂಡದೊಂದಿಗೆ ಅವಕಾಶವಿದೆ, ಆದರೆ ಅಷ್ಟು ತಡಮಾಡಲು ಕಾರಣವೇ ಇಲ್ಲ. ನೋಂದಣಿಯ ದಿನ ಬೆಳಿಗ್ಗೆ ಇಸಿಯನ್ನು ಇನ್ನೊಮ್ಮೆ ತೆಗೆಸಿ ನೋಡುವುದು ನನ್ನ ಅಭ್ಯಾಸ, ಏಕೆಂದರೆ ಕರಾರಿಗೂ ನೋಂದಣಿಗೂ ನಡುವೆ ಮೂರು ತಿಂಗಳು ಕಳೆದಿರುತ್ತದೆ. ನೋಂದಣಿಯಾದ ಮೇಲೆ ಖಾತೆ, ವಿದ್ಯುತ್ ಮೀಟರು, ನೀರಿನ ಸಂಪರ್ಕ ಇವುಗಳ ಹೆಸರು ಬದಲಾಯಿಸುವುದನ್ನು ಮುಂದೂಡಬಾರದು.

ನಮ್ಮ ಮನೆಯನ್ನು ಕೊಂಡದ್ದು ಒಬ್ಬ ಶಾಲಾ ಶಿಕ್ಷಕರ ಕುಟುಂಬ. ಕರಡು ಸಿದ್ಧವಾದ ಮೇಲೆ ಒಂದು ಭಾನುವಾರ ಎಲ್ಲರೂ ಗೇಟಿನ ಮುಂದೆ ನಿಂತು, ಅವರ ಮಗಳು ಫೋನಿನ ದಿಕ್ಸೂಚಿ ಹಿಡಿದು ಒಂದೊಂದೇ ದಿಕ್ಕನ್ನು ಹೇಳುತ್ತಾ ಹೋದಂತೆ ನಾನು ಷೆಡ್ಯೂಲಿನ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಪಶ್ಚಿಮಕ್ಕೆ ರಸ್ತೆ. ಉತ್ತರಕ್ಕೆ ಇಂಥ ಸಂಖ್ಯೆಯ ನಿವೇಶನ. ಎಲ್ಲವೂ ಹೊಂದಿತು. ಅಷ್ಟರಲ್ಲಿ ಶಿಕ್ಷಕರ ತಾಯಿ ಹಿತ್ತಲಿನಿಂದ ಬಂದು, ಅಲ್ಲೊಂದು ತೆಂಗಿನ ಮರವಿದೆಯಲ್ಲ, ಅದನ್ನು ನೀವು ಇಟ್ಟುಕೊಳ್ಳುತ್ತೀರೋ ಹೇಗೆ, ಪತ್ರದಲ್ಲಿ ಅದು ಸೇರಿದೆಯೇ ಎಂದು ಕೇಳಿದರು. ಆ ಗಿಡವನ್ನು ಅಮ್ಮ ಗೃಹಪ್ರವೇಶದ ವರ್ಷ ನೆಟ್ಟಿದ್ದರು. ನಾನು ಕರಡಿನ ಮೂರನೆಯ ಪುಟಕ್ಕೆ ತಿರುಗಿಸಿ, ಜಲ, ತರು, ಪಾಷಾಣ ಎಂದಿದ್ದ ಸಾಲಿನಲ್ಲಿ ನಡುವಿನ ಪದದ ಮೇಲೆ ಬೆರಳಿಟ್ಟು ಅವರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಎರಡು ಸಲ ಓದಿದರು.